ಕಡಲಿಗೆ ಬೆನ್ನು ಹಾಕಿ ಗುಡ್ಡ ನೋಡಿದ ದಿನ

ಕರಾವಳಿಯಲ್ಲಿ ಹುಟ್ಟಿದವರ ಮಳೆಗಾಲದ ಹೆದರಿಕೆಗೆ ಒಂದು ದಿಕ್ಕಿತ್ತು. ಅದು ಪಡು ದಿಕ್ಕು, ಅಂದರೆ ಕಡಲಿರುವ ಪಶ್ಚಿಮ. ಮಕ್ಕಳು ಪಡುಬದಿಗೆ ಹೋಗಬಾರದು, ದೋಣಿ ಪಡುವಿಗೆ ಇಳಿಯಬಾರದು, ಗಾಳಿ ಪಡುವಿನಿಂದ ಎದ್ದರೆ ಹಂಚಿನ ಮೇಲೆ ಕಣ್ಣಿಡಬೇಕು. ಮೂಡು ಎಂದರೆ ಗುಡ್ಡ, ಗದ್ದೆ, ಘಟ್ಟ. ಅಲ್ಲಿಂದ ಬರುವುದು ಹೊಳೆ ನೀರು, ಸೊಪ್ಪು, ಕಟ್ಟಿಗೆ. ನೆರೆ ಬಂದರೆ ಮೂಡಿನ ಎತ್ತರಕ್ಕೇ ಓಡಿಹೋಗುವುದು. ಈ ಲೆಕ್ಕಾಚಾರ ತಲೆಕೆಳಗಾಗಿದೆ ಎಂಬುದು ನನಗೆ ಹೊಳೆದದ್ದು 2024ರ ಆಗಸ್ಟ್ 4ರಂದು, ಕರ್ಕಾಟಕ ಅಮಾವಾಸ್ಯೆಯ ಭಾನುವಾರ, ನಮ್ಮ ಮನೆಯವರೆಲ್ಲ ಒಂದೇ ಕಾರಿನಲ್ಲಿ ಕುಂದಾಪುರದಿಂದ ಉತ್ತರಕ್ಕೆ ಹೊರಟಿದ್ದಾಗ. ಎಡಗಡೆ ಅರಬ್ಬೀ ಸಮುದ್ರ ತೆಂಗಿನ ಎತ್ತರಕ್ಕೆ ನೊರೆ ಎಬ್ಬಿಸುತ್ತಿತ್ತು. ಕಾರಿನೊಳಗಿದ್ದ ದೊಡ್ಡವರೆಲ್ಲ ಬಲಗಡೆಯ ಗಾಜು ಒರೆಸಿಕೊಂಡು ಗುಡ್ಡ ನೋಡುತ್ತಿದ್ದರು. ಅಂದಿನಿಂದ ಈ ವಿಷಯ ನನ್ನ ತಲೆಯಿಂದ ಇಳಿದಿಲ್ಲ.

ಆ ದಿನಗಳು ಎಂಥವು ಎಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೂ ಅದರ ಬದಿಯ ಚಾದಂಗಡಿಯನ್ನೂ ಗಂಗಾವಳಿ ಹೊಳೆಗೆ ತಳ್ಳಿ ಮೂರು ವಾರ ತುಂಬಿರಲಿಲ್ಲ. ಲಾರಿ ಸಮೇತ ಕೊಚ್ಚಿಹೋದ ಕೇರಳದ ಚಾಲಕನಿಗಾಗಿ ಹೊಳೆಯಲ್ಲಿ ಹುಡುಕಾಟ ನಡೆಸಿ, ನೀರಿನ ಸೆಳೆತಕ್ಕೆ ಸೋತು, ಕೆಲಸ ನಿಂತಿತ್ತು. ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ, ಚೂರಲ್‌ಮಲ ಕೊಚ್ಚಿ ಹೋದವು. ಶಿರಾಡಿಯಲ್ಲಿ ಸಕಲೇಶಪುರದ ಕಡೆ ಗುಡ್ಡ ಜರಿಯುತ್ತಲೇ ಇತ್ತು. ನಾನು ಬೆಂಗಳೂರಿನಿಂದ ಬಂದ ರಾತ್ರಿ ಬಸ್ಸು ಯಾವ ಘಾಟಿಯಲ್ಲಿ ಇಳಿಯುತ್ತದೆ ಎಂದು ಹೊರಡುವ ತನಕ ಯಾರೂ ಖಚಿತವಾಗಿ ಹೇಳಲಿಲ್ಲ. ಅಣ್ಣ ಎರಡೆರಡು ಸಲ ಫೋನ್ ಮಾಡಿ "ಈ ಸಲ ಬಿಡುವನಾ?" ಎಂದ. ಅಮ್ಮ ಒಪ್ಪಲಿಲ್ಲ. ಆಸಾಡಿ ಅಮಾಸೆಗೆ, ಅಂದರೆ ಈ ಕರ್ಕಾಟಕ ಅಮಾವಾಸ್ಯೆಗೆ, ಮರವಂತೆಯ ದೇವಸ್ಥಾನಕ್ಕೆ ಹೋಗುವುದು ನಮ್ಮ ಮನೆಯಲ್ಲಿ ತಪ್ಪಿದ್ದಿಲ್ಲ. ಅಪ್ಪ ತೀರಿಕೊಂಡ ವರ್ಷವೂ ಚಿಕ್ಕಪ್ಪ ಒಬ್ಬರೇ ಹೋಗಿ ಮನೆ ಲೆಕ್ಕದಲ್ಲಿ ಕೈಮುಗಿದು ಬಂದಿದ್ದರು.

ಹೊಳೆ ಬದಿಯ ಸೀಟು

ಮರವಂತೆಯ ಚಂದದ ಫೋಟೋ ನೀವೆಲ್ಲ ನೋಡಿರುತ್ತೀರಿ. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ, ನಡುವೆ ರಸ್ತೆ. ಫೋಟೋದಲ್ಲಿ ಎಂದೂ ಬಿಸಿಲೇ. ನನ್ನ ಬಾಲ್ಯದ ಮರವಂತೆ ಮಾತ್ರ ಪೂರ್ತಿ ಮಳೆಯದ್ದು. ಅಜ್ಜಿಮನೆ ಬೈಂದೂರಿನ ಆಚೆ, ಶಾಲೆಗೆ ಮಳೆ ರಜೆ ಕೊಟ್ಟರೆ ಅಲ್ಲಿಗೆ ಹೊರಡುವುದು. ಆಗ ಅದು ಎನ್‌ಎಚ್ 17, ಎರಡು ಬಸ್ಸು ಎದುರಾದರೆ ಒಂದು ಮಣ್ಣಿಗೆ ಇಳಿಯಬೇಕಾದ ರಸ್ತೆ. ಬಸ್ಸಿನ ಕಿಟಕಿಗೆ ಗಾಜಿಲ್ಲ, ಟರ್ಪಾಲಿನ ಪರದೆ. ತ್ರಾಸಿ ಇಳಿಯುತ್ತಿದ್ದ ಹಾಗೆ ಕಂಡಕ್ಟರು "ಪಡುಬದಿ ಟರ್ಪಾಲ್ ಬಿಡಿ" ಎಂದು ಕೂಗುತ್ತಿದ್ದರು. ಆ ಬದಿಯವರೆಲ್ಲ ಬಕ್ಕಲ್ ಬಿಚ್ಚಿ ಪರದೆ ಇಳಿಸಿದರೂ ನೊರೆ ಸಂದಿಯಿಂದ ಒಳಗೆ ಚಿಮ್ಮಿ ತುಟಿಯೆಲ್ಲ ಉಪ್ಪುಪ್ಪು. ಅಮ್ಮ ಅದಕ್ಕೆ ಮೊದಲೇ ನನ್ನನ್ನು ಎಬ್ಬಿಸಿ ಆಚೆ ಬದಿಯಲ್ಲಿ ಜಾಗ ಕೇಳುತ್ತಿದ್ದರು. "ಮಗಾ, ನೀ ಹೊಳಿ ಬದಿಗ್ ಕೂಕೋ." ಗುರುತಿಲ್ಲದವರೂ ಸರಿದು ಜಾಗ ಕೊಡುತ್ತಿದ್ದರು. ಮಕ್ಕಳು ಹೊಳೆ ಬದಿಗೆ, ಗಂಡಸರು ಕಡಲ ಬದಿಗೆ. ಯಾರೂ ಬರೆದಿಟ್ಟ ನಿಯಮ ಅಲ್ಲ, ಆದರೆ ಇಡೀ ಬಸ್ಸಿಗೆ ಗೊತ್ತಿದ್ದದ್ದು.

ಅಮ್ಮನಿಗೆ ಕಡಲೆಂದರೆ ಭಕ್ತಿಯೂ ಇತ್ತು, ಭಯವೂ ಇತ್ತು. ಕೋಟೇಶ್ವರದ ನಮ್ಮ ಮನೆಗೆ ಆಸಾಡಿಯಲ್ಲಿ ರಾತ್ರಿಯಿಡೀ ಅದರ ಬೊಬ್ಬೆ ಕೇಳುತ್ತದೆ. ಅಮ್ಮ ಮಲಗಿದಲ್ಲಿಂದಲೇ "ಇವತ್ತು ತೆಂಕಿನಿಂದ ಕೇಳ್ತಿತ್, ಮಳೆ ಬಿಡೂದಿಲ್ಲ" ಅನ್ನುತ್ತಿದ್ದರು. ಆ ಅಂದಾಜು ಹೆಚ್ಚಾಗಿ ಸರಿಯೇ ಇರುತ್ತಿತ್ತು. ಈಗ ಯೋಚಿಸಿದರೆ ಕಡಲಿನ ಭಯದಲ್ಲಿ ಒಂದು ನೆಮ್ಮದಿಯೂ ಇತ್ತು ಅನ್ನಿಸುತ್ತದೆ. ಕಡಲು ಹೇಳಿಯೇ ಬರುತ್ತದೆ. ಅದಕ್ಕೆ ಪಂಚಾಂಗ ಇದೆ, ಸದ್ದಿದೆ, ಬಣ್ಣ ಇದೆ. ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ 61 ದಿನ ರಜೆ ಎಂದು ಸರ್ಕಾರ ಕಾನೂನು ಮಾಡಿದೆ. ಅದಿಲ್ಲದ ಕಾಲದಲ್ಲೂ ಮೊಗವೀರರು ಕಡಲು ನೋಡಿ ದೋಣಿಯನ್ನು ದಡಕ್ಕೆ ಎಳೆದು ತೆಂಗಿನ ಗರಿ ಮುಚ್ಚುತ್ತಿದ್ದರು. 10 ಅಶ್ವಶಕ್ತಿಯ ಎಂಜಿನ್ನಿನ ನಾಡದೋಣಿಗಳಿಗೆ ಈ ದಿನಗಳಲ್ಲೂ ಅವಕಾಶ ಇದೆ, ಆದರೆ ತೂಫಾನ್ ಆಗಿ ಕಡಲು ಶಾಂತವಾಗುವವರೆಗೆ ಅವರೂ ಕಾಯುತ್ತಾರೆ. ಮಲ್ಪೆಯ ಬೀಚಿಗೆ ಬಲೆಯ ಬೇಲಿ ಕಟ್ಟುತ್ತಾರೆ, ಸೇಂಟ್ ಮೇರೀಸ್ ದ್ವೀಪದ ಬೋಟು ನಿಲ್ಲುತ್ತದೆ, ಕೆಂಪು ಬಾವುಟ ಏರುತ್ತದೆ. ಹೆದರುವುದಕ್ಕೂ ಒಂದು ವ್ಯವಸ್ಥೆ ಇದೆ ಎಂದರೆ ಮನುಷ್ಯ ಅರ್ಧ ನಿಶ್ಚಿಂತ.

ಅಮಾಸೆಯ ಕಡಲು

ಅಮಾಸೆಯ ದಿನ ಕುಡಿಯುವ ಕಷಾಯಕ್ಕೆ ಬೆಳಗಿನ ಜಾವ ಚಿಕ್ಕಪ್ಪ ಹಾಲೆ ಮರದ ಕೆತ್ತೆ, ಅಂದರೆ ತೊಗಟೆ, ತಂದಿದ್ದರು. ಕತ್ತಿ ತಾಗಿಸುವಂತಿಲ್ಲ, ಕಲ್ಲಿನಲ್ಲೇ ಜಜ್ಜಿ ತೆಗೆಯಬೇಕು. ಅಮ್ಮ ಅದನ್ನು ಓಮ, ಕಾಳುಮೆಣಸು, ಬೆಳ್ಳುಳ್ಳಿ ಜೊತೆ ಅರೆದು ಸೋಸಿ, ಕೆಂಡದಲ್ಲಿ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದಿದಾಗ ಚುಂಯ್ ಎಂದು ಹೊಗೆ ಎದ್ದು ಇಡೀ ಅಡಿಗೆಮನೆ ಕಹಿ ಪರಿಮಳ. ಅಣ್ಣನ ಮಗಳು ಮೂಗು ಹಿಡಿದು ಕುಡಿದಳು, ಮೇಲೆ ಒಂದು ತುಂಡು ಬೆಲ್ಲ. ಆಮೇಲೆ ಮೆಂತೆ ಗಂಜಿ. (ಮರ ಸರಿಯಾಗಿ ಗೊತ್ತಿಲ್ಲದವರು ದಯವಿಟ್ಟು ಈ ಕೆಲಸಕ್ಕೆ ಹೋಗಬೇಡಿ. ಬೇರೆ ಮರದ ಕೆತ್ತೆ ಕುಡಿದು ಆಸ್ಪತ್ರೆ ಸೇರಿದವರಿದ್ದಾರೆ. ಹಗಲು ಹೊತ್ತಿನಲ್ಲೇ ಮರ ನೋಡಿ, ಗುರುತಿಗೆ ದಾರ ಕಟ್ಟಿಟ್ಟು ಬರುವುದು ಚಿಕ್ಕಪ್ಪನ ಕ್ರಮ.)

ಮರವಂತೆಯ ಮಹಾರಾಜಸ್ವಾಮಿ ವರಾಹ ದೇವಸ್ಥಾನ ಇರುವುದು ಹೆದ್ದಾರಿಗೂ ಹೊಳೆಗೂ ನಡುವೆ. ಗರ್ಭಗುಡಿಯಲ್ಲಿ ವರಾಹ, ವಿಷ್ಣು, ನರಸಿಂಹ ಮೂವರೂ ಒಟ್ಟಿಗೆ ಇದ್ದಾರೆ. ಕರ್ಕಾಟಕ ಅಮಾವಾಸ್ಯೆಯ ಜಾತ್ರೆಗೆ ಜನ ಬರುವುದು ಇಂಥ ಮಳೆಯಲ್ಲೇ: ಮೀನುಗಾರರು, ನೇಗಿಲಿನ ಕೆಲಸ ಮುಗಿಸಿದ ರೈತರು, ಹೊಸದಾಗಿ ಮದುವೆಯಾದ ಜೋಡಿಗಳು. ಕಡಲಲ್ಲಿ ಮಿಂದು, ಹೊಳೆಯಲ್ಲಿ ಮಿಂದು, ಒದ್ದೆ ಬಟ್ಟೆಯಲ್ಲೇ ದೇವರ ಎದುರು ನಿಲ್ಲುವುದು. ಊರಿನಾಚೆಯವರಿಗೆ ಇದು ವಿಚಿತ್ರ ಅನ್ನಿಸಬಹುದು. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆಯಲ್ಲಿ, ಅದೂ ಮಳೆ ಜೋರಾಗಿರುವ ದಿನಗಳಲ್ಲೇ ಯಾಕೆ ಜಾತ್ರೆ ಎಂದು. ನನಗೆ ಇದು ಬಹಳ ಸರಿಯಾದ ಏರ್ಪಾಡು ಅನ್ನಿಸುತ್ತದೆ. ಯಾರ ಜೊತೆ ವರ್ಷವಿಡೀ ಬದುಕಬೇಕೋ ಅವರ ಸಿಟ್ಟಿನ ಹೊತ್ತಿಗೂ ಒಮ್ಮೆ ಹೋಗಿ ಮುಖ ತೋರಿಸಿ ಬರಬೇಕು. ಜನವರಿಯ ಬಿಸಿಲಿನಲ್ಲಿ ಬಂದು ಮರಳಲ್ಲಿ ಓಡಾಡಿ ಹೋಗುವವರಿಗೆ ಕಡಲು ಅರ್ಧವೇ ಗೊತ್ತು.

ಕಾರು ನಿಲ್ಲಿಸುವುದಕ್ಕೇ ಅರ್ಧ ಗಂಟೆ ಹಿಡಿಯಿತು. ಕೊಡೆ ತೆರೆದರೆ ಗಾಳಿ ಅದನ್ನು ಮಗುಚಿ ಹಾಕುತ್ತಿತ್ತು. ಕೊನೆಗೆ ಎಲ್ಲರೂ ಕೊಡೆ ಮಡಚಿ ನೆನೆಯುವುದಕ್ಕೇ ಒಪ್ಪಿದೆವು. ದಡಕ್ಕೆ ಸುರಿದ ದೊಡ್ಡ ಬಂಡೆಗಳು, ಅವುಗಳಿಂದ ಕಡಲೊಳಕ್ಕೆ ಚಾಚಿದ ಕಲ್ಲಿನ ಗೋಡೆಗಳು. ಕಡಲ್ಕೊರೆತಕ್ಕೆ ಹೆದರಿ ಕಟ್ಟಿದ್ದು. ಅಲೆ ಬಂದು ಗೋಡೆಗೆ ಬಡಿದಾಗ ಕಾಲಡಿಯ ನೆಲ ನಡುಗುತ್ತಿತ್ತು. ಹೋಮ್‌ಗಾರ್ಡ್ ಒಬ್ಬರು ಸೀಟಿ ಊದುತ್ತಾ, ಮಂಡಿಗಿಂತ ಮೇಲೆ ನೀರಿಗೆ ಇಳಿಯುವವರನ್ನು ಕೈಹಿಡಿದು ಎಳೆಯುತ್ತಿದ್ದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಅಣ್ಣನ ಭುಜ ಹಿಡಿದು, ನೊರೆ ಪಾದಕ್ಕೆ ಬಂದ ಕೂಡಲೇ ಬಗ್ಗಿ ಎರಡು ಬೊಗಸೆ ನೀರು ತಲೆಗೆ ಹಾಕಿಕೊಂಡರು. ಮೂರನೆಯದನ್ನು ಮೊಮ್ಮಗಳ ತಲೆಗೆ. ಅಷ್ಟೇ. "ಸಾಕ್, ಕಂಡಾಯ್ತ್" ಎಂದು ಹಿಂದೆ ತಿರುಗಿದರು. ಅವರ ಮುಖದಲ್ಲಿ ಹೆದರಿಕೆಯ ಸುಳಿವೇ ಇರಲಿಲ್ಲ. ಹಳೆಯ ಹೆದರಿಕೆ ಎಷ್ಟು ಅಭ್ಯಾಸವಾಗಿತ್ತು ಎಂದರೆ ಅದು ಆಚರಣೆಯೇ ಆಗಿಬಿಟ್ಟಿತ್ತು.

ಶೇಡಿ

ಮರವಂತೆಯಿಂದ ಮುಂದೆ ಮುರ್ಡೇಶ್ವರಕ್ಕೆ ಹೋಗಿ ಊಟ ಮಾಡಿ ಬರುವುದು ಮಗುವಿಗೆ ಕೊಟ್ಟ ಮಾತು. ಬೈಂದೂರಿನ ಹತ್ತಿರ ಒತ್ತಿನೆಣೆ ಬರುತ್ತಿದ್ದ ಹಾಗೆ ಕಾರಿನೊಳಗಿನ ಮಾತು ನಿಂತಿತು. ಚತುಷ್ಪಥಕ್ಕಾಗಿ ಗುಡ್ಡ ಸೀಳಿದ ಜಾಗ ಅದು. 2017ರ ಜೂನ್‌ನಲ್ಲಿ ಅಲ್ಲಿ ಮಣ್ಣು ಜರಿದು ಹೆದ್ದಾರಿ ಬಂದ್ ಆಗಿತ್ತು. ಆಮೇಲೆ ಇಳಿಜಾರಿಗೆ ಸಿಮೆಂಟು ಬಳಿದರು. ಅಣ್ಣ ವೇಗ ಕಡಿಮೆ ಮಾಡಬೇಕೋ ಹೆಚ್ಚು ಮಾಡಬೇಕೋ ತಿಳಿಯದೆ ಒಮ್ಮೆ ನಿಧಾನಿಸಿ ಮತ್ತೆ ಗೇರು ಬದಲಿಸಿದ. ಅತ್ತಿಗೆ ಮಗಳ ಸೀಟ್‌ಬೆಲ್ಟ್ ಮುಟ್ಟಿ ನೋಡಿದರು. ಅಮ್ಮ ಬಲಗಡೆಯ ಗಾಜನ್ನು ಸೆರಗಿನಿಂದ ಒರೆಸಿ ಮೇಲೆ ನೋಡುತ್ತಿದ್ದರು. ಮಗು ಒಬ್ಬಳೇ ಎಡಗಡೆ ತಿರುಗಿ ದೂರದ ಕಡಲಿನ ಬಿಳಿ ಗೆರೆ ಎಲ್ಲಿ ಎಂದು ಹುಡುಕುತ್ತಿದ್ದಳು.

ಚಿಕ್ಕಪ್ಪ ಪ್ರಾಯದಲ್ಲಿ ಬಾವಿ ತೋಡಿಸುವ ಕೆಲಸ ಹಿಡಿಯುತ್ತಿದ್ದವರು. ನಮ್ಮ ಕಡೆಯ ನೆಲ ಅವರಿಗೆ ಮೊಳ ಮೊಳ ಗೊತ್ತು. ಗುಡ್ಡ ದಾಟಿದ ಮೇಲೆ, ಬಯಲಾದ ಕಡೆ ಮಳೆ ತುಸು ಹಿಡಿದಾಗ ಅಣ್ಣನಿಗೆ ಕಾರು ನಿಲ್ಲಿಸಲು ಹೇಳಿದರು. ರಸ್ತೆಯಂಚಿಗೆ ಜರಿದು ಬಂದಿದ್ದ ಮಣ್ಣಿನಲ್ಲಿ ಒಂದು ಹೆಂಟೆ ಎತ್ತಿ ತಂದು ನನ್ನ ಕೈಗಿಟ್ಟರು. ಬಿಳಿ, ಅದರಲ್ಲಿ ಗುಲಾಬಿ ಹಳದಿ ಎಳೆಗಳು, ನೋಡುವುದಕ್ಕೆ ಚಂದ. ಹಿಡಿದಾಗ ಗಟ್ಟಿ ಅನ್ನಿಸಿತು. ಮಳೆ ಹನಿ ನಾಲ್ಕು ಬಿದ್ದು ಹೆಬ್ಬೆರಳಿನಿಂದ ಉಜ್ಜಿದ್ದೇ ತಡ, ಸಾಬೂನಿನ ಹಾಗೆ ಜಾರಿ ಬೆರಳ ಸಂದಿಯಿಂದ ಇಳಿದು ಹೋಯಿತು. ಶೇಡಿ ಮಣ್ಣು. "ಇದನ್ನ್ ನಂಬುಕೆ ಆತಿಲ್ಲೆ" ಎಂದರು ಚಿಕ್ಕಪ್ಪ. ಮೇಲೆ ಮುರಕಲ್ಲು (ಜಂಬಿಟ್ಟಿಗೆ) ಇರುತ್ತದೆ, ಕೊಡಲಿಗೂ ಬಗ್ಗದ ಹಾಗೆ. ಬಾವಿ ತೋಡುವಾಗ ಅಷ್ಟು ಆಳದವರೆಗೆ ಗೋಡೆ ತಾನೇ ನಿಲ್ಲುತ್ತದೆ. ಅದರ ಕೆಳಗೆ ಶೇಡಿ ಸಿಕ್ಕಿತು ಎಂದರೆ ಕೆಲಸ ನಿಲ್ಲಿಸಿ ರಿಂಗು ಇಳಿಸಬೇಕು, ಇಲ್ಲದಿದ್ದರೆ ಇಳಿದವನು ಮೇಲೆ ಬರುವುದಿಲ್ಲ. ಬೇಸಿಗೆಯಲ್ಲಿ ಕಲ್ಲಿನಂತೆ ನಿಂತಿರುವ ಮಣ್ಣು ನೀರು ಕುಡಿದರೆ ಗಂಜಿ. ಮುರಕಲ್ಲಿನ ತೂತು ತೂತುಗಳಿಂದ ಮಳೆನೀರು ಸಲೀಸಾಗಿ ಕೆಳಗಿಳಿಯುತ್ತದೆ, ಶೇಡಿಯ ಮೇಲೆ ಬಂದು ನಿಲ್ಲುತ್ತದೆ. ಗುಡ್ಡ ಇಡಿಯಾಗಿದ್ದಾಗ ಆ ನೀರು ಒರತೆಯಾಗಿ ಬುಡದ ತೋಡಿಗೆ ಬರುತ್ತಿತ್ತು. ಗುಡ್ಡವನ್ನು ನೆಟ್ಟಗೆ ಕಡಿದು ಶೇಡಿಯ ಹೊಟ್ಟೆ ಬಯಲಿಗಿಟ್ಟರೆ ಮೇಲಿನ ಕಲ್ಲಿನ ಭಾರ ಹೊರುವುದಕ್ಕೆ ಕೆಳಗೆ ಏನೂ ಉಳಿಯುವುದಿಲ್ಲ. ಸಿಮೆಂಟು ಬಳಿದರೆ ಹೊರಗಿನ ಮಳೆ ತಡೆಯಬಹುದು, ಒಳಗಿನಿಂದ ಬರುವ ನೀರು ಎಲ್ಲಿಗೆ ಹೋಗಬೇಕು?

ಬಾವಿ ತೋಡುವ ಒಬ್ಬ ಗುತ್ತಿಗೆದಾರನಿಗೆ ಗೊತ್ತಿದ್ದ ಸಂಗತಿ ಇದು. ಗೊತ್ತಿರಬೇಕಾದವರಿಗೆ ಗೊತ್ತಿರಲಿಲ್ಲ ಎಂದು ನಾನು ಒಪ್ಪಲಾರೆ. ರಸ್ತೆ ಅಗಲವಾಗುವುದು ಬೇಡ ಎಂದು ನಾನು ಹೇಳುತ್ತಿಲ್ಲ. ಹಳೆಯ ಎನ್‌ಎಚ್ 17ರಲ್ಲಿ ಸತ್ತವರ ಲೆಕ್ಕ ನಮ್ಮ ಪ್ರತಿ ಊರಿನಲ್ಲೂ ಇದೆ, ನಮ್ಮ ನೆಂಟರಲ್ಲೂ ಇದೆ. ಕುಂದಾಪುರದಿಂದ ಕಾರವಾರದವರೆಗೆ ಆಂಬುಲೆನ್ಸು ಈಗ ಎಷ್ಟು ಬೇಗ ಬರುತ್ತದೆ ಎಂಬುದೂ ಗೊತ್ತು. ಆದರೆ ಅಗಲ ಮಾಡಲು ಗುಡ್ಡ ಕಡಿದವರು ಮೆಟ್ಟಿಲು ಮೆಟ್ಟಿಲಾಗಿ ಕಡಿಯಬೇಕಿತ್ತು, ನೆತ್ತಿಯ ಮೇಲೆ ನೀರು ಬೇರೆ ಕಡೆಗೆ ತಿರುಗುವ ಹಾಗೆ ಕಣಿ ತೆಗೆಯಬೇಕಿತ್ತು, ಒಳಗಿನ ನೀರು ಹೊರಬರಲು ದಾರಿ ಬಿಡಬೇಕಿತ್ತು. ಅದಕ್ಕೆ ಇನ್ನಷ್ಟು ಜಾಗ ಬೇಕು, ಇನ್ನಷ್ಟು ದುಡ್ಡು ಬೇಕು. ಆ ದುಡ್ಡು ಉಳಿಸಿದ್ದರ ಬೆಲೆಯನ್ನು ಮಳೆಗಾಲದಲ್ಲಿ ದಾರಿಯಲ್ಲಿ ಹೋಗುವವರು ಕಟ್ಟುತ್ತಿದ್ದಾರೆ.

ಚಾದಂಗಡಿ

ಭಟ್ಕಳ ದಾಟುವ ಮೊದಲೇ ಮಳೆ ಎಂಥಾ ಜೋರಾಯಿತು ಎಂದರೆ ಮುಂದಿನ ಲಾರಿಯ ಹಿಂದೀಪ ಕಾಣದಾಯಿತು. ಅಣ್ಣ ತಿರುಗಿಸಿದ. ಮಗು ಅತ್ತಳು. ಡಿಸೆಂಬರಿನಲ್ಲಿ ಹೋಗುವ ಎಂದು ಅತ್ತಿಗೆ ಸಮಾಧಾನ ಮಾಡಿದರು. ವಾಪಸು ಬರುವ ದಾರಿ ಇನ್ನೂ ಕಷ್ಟ: ಉತ್ತರಕ್ಕೆ ಹೋಗುವವರಿಗೆ ಕಡಲ ಬದಿಯ ರಸ್ತೆ, ದಕ್ಷಿಣಕ್ಕೆ ಬರುವವರಿಗೆ ಗುಡ್ಡದ ಬದಿಯ ರಸ್ತೆ. ಕಡಿದ ಗುಡ್ಡದ ಬುಡವನ್ನು ಸವರಿಕೊಂಡೇ ಬರಬೇಕು. ಎಲ್ಲರ ಬಟ್ಟೆಯೂ ಒದ್ದೆ, ಚಳಿ, ಬಿಸಿ ಚಾ ಬೇಕೇ ಬೇಕು. ಒಂದು ಕಡೆ ಶೀಟು ಹೊದೆಸಿದ ಅಂಗಡಿ ಕಂಡು ಅಣ್ಣ ನಿಲ್ಲಿಸಿದ. ಎರಡು ಲಾರಿ ನಿಂತಿದ್ದವು. ಎಣ್ಣೆಯಲ್ಲಿ ಗೋಳಿಬಜೆ ಬೇಯುತ್ತಿತ್ತು. ನಾವು ಬಾಗಿಲು ತೆಗೆದದ್ದಷ್ಟೇ, ಅಮ್ಮ ಇಳಿಯಲಿಲ್ಲ. ಅಂಗಡಿಯ ಹಿಂದೆ ಆಳಿನ ಹತ್ತಿಪ್ಪತ್ತು ಪಾಲು ಎತ್ತರಕ್ಕೆ ಕೆಂಪು ಮಣ್ಣಿನ ಗೋಡೆ, ಅದರ ಮೈಯಿಂದ ಕೆಸರು ನೀರು ಸಣ್ಣ ಸಣ್ಣ ಧಾರೆಯಾಗಿ ಇಳಿಯುತ್ತಿತ್ತು. ನೆತ್ತಿಯಲ್ಲಿ ಒಂದು ಗೇರುಮರ ಬೇರು ತೋರಿಸಿಕೊಂಡು ರಸ್ತೆ ಕಡೆಗೆ ವಾಲಿತ್ತು.

"ಇಲ್ ಬ್ಯಾಡ. ಕಡಲ್ ಬದಿಗ್ ಎಲ್ಲಾದ್ರೂ ನಿಲ್ಸ್."

ಮಳೆಗಾಲದಲ್ಲಿ, ಅಮಾಸೆಯ ದಿನ, ಅಮ್ಮ ಕಡಲ ಬದಿಗೆ ನಿಲ್ಲಿಸಲು ಹೇಳಿದರು. ನಾನು ಅಣ್ಣನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಹೊಳೆ ಬದಿಗೆ ಕೂಕೋ ಎಂದು ನನ್ನನ್ನು ಎಬ್ಬಿಸುತ್ತಿದ್ದ ಅದೇ ದನಿ. ಶಿರೂರಿನ ಆ ಚಾದಂಗಡಿಯ ಕುಟುಂಬದ ಸುದ್ದಿಯನ್ನು ಅಮ್ಮ ಟಿವಿಯಲ್ಲಿ ದಿನವಿಡೀ ನೋಡಿದ್ದರಂತೆ, ಅತ್ತಿಗೆ ಆಮೇಲೆ ಹೇಳಿದರು. ಹೊಳೆಗೆ ಬಿದ್ದ ಮಣ್ಣಿನ ಹೊಡೆತಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳ ಮೇಲೆ ಹೋಗಿತ್ತು. ಗುಡ್ಡ ಒಂದು ಕಡೆ, ಸತ್ತವರು ಹೊಳೆಯ ಎರಡೂ ಕಡೆ. ಇನ್ನು ಯಾವ ಬದಿಯ ಸೀಟನ್ನು ಮಕ್ಕಳಿಗೆ ಕೊಡುವುದು?

ನಾವು ಹೊರಡುವುದನ್ನು ಕಂಡು ಅಂಗಡಿಯವರು ಕಾರಿನ ಹತ್ತಿರ ಬಂದರು. ನಡುವಯಸ್ಸಿನ ಹೆಂಗಸು, ತಲೆಗೆ ಪ್ಲಾಸ್ಟಿಕ್ ಕಟ್ಟಿಕೊಂಡಿದ್ದರು. ಅಮ್ಮ ಗಾಜು ಇಳಿಸಿ ನೇರವಾಗಿಯೇ ಹೇಳಿದರು, ಮಳೆ ಬಿಡುವವರೆಗಾದರೂ ಇಲ್ಲಿ ಕೂರಬೇಡಿ, ಆಚೆ ಬಯಲಿಗೆ ಹೋಗಿ ಎಂದು. ಆ ಹೆಂಗಸು ಸಿಟ್ಟಾಗಲಿಲ್ಲ. "ಗಾಡಿ ನಿಲ್ಲುದ್ ಇಲ್ಲೇ ಅಮ್ಮ. ಆಚಿಗ್ ಅಂಗ್ಡಿ ಇಟ್ರೆ ಬಪ್ಪುದ್ ಯಾರ್?" ಎಂದರು. ರಸ್ತೆ ಅಗಲವಾಗುವಾಗ ಅವರ ಮೊದಲಿನ ಅಂಗಡಿ ಹೋಗಿತ್ತಂತೆ. ಬಾಡಿಗೆ ಇಲ್ಲದ ಜಾಗ ಎಂದು ಸಿಕ್ಕಿದ್ದು ಇದೇ. ಲಾರಿಯವರಿಗೂ ಗುಡ್ಡದ ಮರೆಯಲ್ಲಿ ಗಾಳಿ ತಾಗುವುದಿಲ್ಲ, ಅಗಲ ಇದೆ, ನಿಲ್ಲಿಸಲು ಸಲೀಸು. ಅವರವರ ಲೆಕ್ಕದಲ್ಲಿ ಎಲ್ಲರದ್ದೂ ಸರಿ. ಅಮ್ಮ ಆರು ಚಾ, ಒಂದು ಪೊಟ್ಟಣ ಗೋಳಿಬಜೆ ಕಟ್ಟಿಸಿಕೊಂಡು, ಚಿಲ್ಲರೆ ವಾಪಸು ಬೇಡ ಎಂದರು. ಮರವಂತೆಯ ಬಯಲಿಗೆ ಬಂದು, ಅಲೆ ಬಡಿಯುವ ಸದ್ದಿನ ಪಕ್ಕದಲ್ಲೇ ಕಾರೊಳಗೆ ಕೂತು ಕುಡಿದೆವು. ಚಾ ತಣ್ಣಗಾಗಿತ್ತು, ಮಗು ಅಳು ಮರೆತಿದ್ದಳು.

ಮೂರು ದಿನ ಕಳೆದು ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿದ. ಶಿರೂರಿನ ಲಾರಿಯನ್ನು ಹೊಳೆಯಿಂದ ಎತ್ತಿದ್ದು ಸೆಪ್ಟೆಂಬರ್ 25ಕ್ಕೆ, ಡ್ರೆಜರ್ ತಂದ ಮೇಲೆ. ಅಷ್ಟರಲ್ಲಿ ಮಳೆ ಇಳಿದಿತ್ತು, ಮಲ್ಪೆಯ ಬೋಟುಗಳು ಹೊರಟಿದ್ದವು, ಬೆಂಗಳೂರಿನವರು ಗೋಕರ್ಣದ ರೂಮು ಕೇಳಿ ನನಗೆ ಫೋನ್ ಮಾಡಲು ಶುರುಮಾಡಿದ್ದರು.

ಕಡಲಿಗೆ ಕೆಂಪು ಬಾವುಟ ಇದೆ, ಗುಡ್ಡಕ್ಕೆ ಇಲ್ಲ. ಮರವಂತೆಯ ದಡದಲ್ಲಿ ಸೀಟಿ ಊದುವ ಒಬ್ಬ ಹೋಮ್‌ಗಾರ್ಡ್ ಇದ್ದಾರೆ. ಕಡಿದ ಗುಡ್ಡದ ಬುಡದಲ್ಲಿ ನಿಲ್ಲಬೇಡಿ ಎನ್ನುವವರು ನಮ್ಮ ಅಮ್ಮನ ಹೊರತು ಇನ್ಯಾರೂ ನನಗೆ ಕಂಡಿಲ್ಲ. ಮೀನು ಮೊಟ್ಟೆಯಿಡಲಿ ಎಂದು ಜೂನ್ 1ರಿಂದ 61 ದಿನ ಬೋಟು ನಿಲ್ಲಿಸಲು ಸಾಧ್ಯವಾದ ಸರ್ಕಾರಕ್ಕೆ, ಅದೇ ದಿನಗಳಲ್ಲಿ ಶೇಡಿ ಕಾಣುವ ಹಾಗೆ ಕಡಿದ ಗುಡ್ಡದ ಬುಡದಲ್ಲಿ ಲಾರಿ ನಿಲ್ಲದ ಹಾಗೆ ಮಾಡುವುದು ಕಷ್ಟವಲ್ಲ. ಅಂಗಡಿಯವರನ್ನು ಓಡಿಸುವುದಲ್ಲ, ಬಯಲಿನಲ್ಲಿ ಲಾರಿ ನಿಲ್ಲುವಷ್ಟು ಅಗಲದ ಜಾಗ ಮಾಡಿ, ಮಾಡು ಹೊದೆಸಿ, ಅವರಿಗೇ ಕೊಡಬೇಕು. ಲಾರಿ ಎಲ್ಲಿ ನಿಲ್ಲುತ್ತದೋ ಚಾ ಅಲ್ಲಿಗೇ ಬರುತ್ತದೆ. ನೆತ್ತಿಯ ಕಣಿ, ಮೆಟ್ಟಿಲು ಇಳಿಜಾರು ಎಲ್ಲ ವರ್ಷಗಟ್ಟಲೆಯ ಕೆಲಸ ಇರಬಹುದು. ಈ ಒಂದು ಕೆಲಸ ಒಂದು ಬೇಸಿಗೆಯದ್ದು. ನಮ್ಮ ಪಂಚಾಯತಿಯ ಸದಸ್ಯರಿಗೆ ಚಿಕ್ಕಪ್ಪ ಇದನ್ನೇ ಹೇಳಿ ಬಂದಿದ್ದಾರೆ, ಹೆದ್ದಾರಿ ನಮ್ಮ ಕೈಯಲ್ಲಿಲ್ಲ ಎಂದರಂತೆ. ಕೈಯಲ್ಲಿರುವವರ ವಿಳಾಸಕ್ಕೆ ನಾನು ಅರ್ಜಿ ಬರೆದಿದ್ದೇನೆ, ಕಡಿದ ಗುಡ್ಡಗಳ ಫೋಟೋ ಇಟ್ಟು, ಯಾವ ಊರು, ಯಾವ ಬದಿ ಎಂದು ಗುರುತು ಹಾಕಿ. ಈ ದಾರಿಯಲ್ಲಿ ಓಡಾಡುವ ನೀವೂ ಬರೆಯಿರಿ.